ಗಾಳಿಪೆಟ್ಟಿಗೆಯೊಂದಿಗೆ ಗುವಾಹಟಿಗೆ

ವಿಮಾನ ಹತ್ತಬೇಡ ಎಂದು ನನಗೆ ಬುದ್ಧಿ ಹೇಳದೆ ಉಳಿದವರು ನಮ್ಮ ಮುಳ್ಳೂರಿನಲ್ಲಿ ದನಕರುಗಳು ಮಾತ್ರ. ಅವಕ್ಕೂ ಬಾಯಿ ಬಂದಿದ್ದರೆ ಹೇಳುತ್ತಿದ್ದವೋ ಏನೋ. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರು, ಯಳಂದೂರಿನ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ಮದುವೆಗೆ ಕರೆಯಲು ಮಾಂಬಳ್ಳಿಯಿಂದ ಬಂದ ನೆಂಟರು, ಎಲ್ಲರೂ ಹೇಳಿದರು. ಇವರಲ್ಲಿ ಒಬ್ಬರೂ ವಿಮಾನ ಹತ್ತಿದವರಲ್ಲ. ಆದರೆ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡ ಹೆಂಗಸಿಗೆ ಬುದ್ಧಿ ಹೇಳಲು ಅನುಭವವೇನೂ ಬೇಕಾಗಿಲ್ಲ. ಅದು ಊರಿನವರೆಲ್ಲರ ಹಕ್ಕು.

ನನ್ನ ಹೆಸರು ಪುಟ್ಟಮಣಿ. ಕೊಳ್ಳೇಗಾಲದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಕೇಂದ್ರದಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಗೂಡಿನಿಂದ ಹೊರಬಂದ ಚಿಟ್ಟೆಗಳನ್ನು ಜೋಡಿ ಮಾಡುವುದು, ಬಿಡಿಸುವುದು, ಹಾಳೆಯ ಮೇಲೆ ಮೊಟ್ಟೆ ಇಡಿಸುವುದು ನನ್ನ ಕೆಲಸ. ಚಿಟ್ಟೆ ರೆಕ್ಕೆ ಬಡಿದರೆ ಬಿಳಿ ಹೊಟ್ಟು ಏಳುತ್ತದೆ. ಕಿಟಕಿಯಿಂದ ಬಿಸಿಲು ಬಿದ್ದಾಗ ಅದು ಹೊಳೆಯುತ್ತ ತೇಲುವುದು ನೋಡಲು ಬಲು ಚೆಂದ. ಆ ಚೆಂದವನ್ನೇ ಅಷ್ಟು ವರ್ಷ ಒಳಗೆ ಎಳೆದುಕೊಂಡಿದ್ದೇನೆ ಎಂದು ಆಮೇಲೆ ಡಾಕ್ಟರು ಹೇಳಿದರು. ಜೊತೆಯವರಿಗೆಲ್ಲ ಒಗ್ಗಿದ್ದು ನನ್ನ ಎದೆಗೆ ಒಗ್ಗಲಿಲ್ಲ.

ಮೊದಲು ಒಣಕೆಮ್ಮು ಬಂತು. ಬಾವಿಯಿಂದ ಮನೆಗೆ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಕಡೆ ಕೂರಬೇಕಾಯಿತು. ಒಬ್ಬರು ಉಬ್ಬಸ ಎಂದು ಸೇದುವ ಔಷಧಿ ಕೊಟ್ಟರು. ಇನ್ನೊಬ್ಬರು ಟಿಬಿ ಇರಬಹುದು ಎಂದು ಕಫ ಪರೀಕ್ಷೆಗೆ ಕಳಿಸಿದರು. ಕಫದಲ್ಲಿ ಏನೂ ಸಿಗಲಿಲ್ಲ, ಆದರೆ ಮನೆಯಲ್ಲಿ ಅಷ್ಟರೊಳಗೆ ನನ್ನ ತಟ್ಟೆ ಲೋಟ ಬೇರೆಯಾಗಿದ್ದವು. ಟಿಬಿ ಅಲ್ಲ ಎಂದು ಗೊತ್ತಾದ ಮೇಲೂ ಅವು ಬೇರೆಯಾಗಿಯೇ ಇದ್ದವು. ಯಾರೂ ಬೇಕೆಂದು ಮಾಡಿದ್ದಲ್ಲ, ಮತ್ತೆ ಸೇರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಂದು ದಿನ ನಾನೇ ನನ್ನ ತಟ್ಟೆಯಲ್ಲಿ ಯಜಮಾನರಿಗೆ ಮುದ್ದೆ ಬಡಿಸಿ ಮುಂದಿಟ್ಟೆ. ಅವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ತಲೆ ತಗ್ಗಿಸಿ ಉಂಡರು. ಅಲ್ಲಿಗೆ ಆ ಕಥೆ ಮುಗಿಯಿತು.

ಕೊನೆಗೆ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಎದೆರೋಗದವರು ಕಾಯುವ ಹಾಲಿನಲ್ಲಿ ತಿರುಗುವ ಫ್ಯಾನು ಒಂದೇ. ಅದರ ಕೆಳಗಿನ ಕುರ್ಚಿಯಲ್ಲಿ ಯಾರೂ ಬಹಳ ಹೊತ್ತು ಕೂರುತ್ತಿರಲಿಲ್ಲ. ಒಬ್ಬರು ಸುಧಾರಿಸಿಕೊಂಡ ಮೇಲೆ ತಾವಾಗಿಯೇ ಎದ್ದು, ಆಗ ತಾನೇ ಮೆಟ್ಟಿಲು ಹತ್ತಿ ಬಂದವರಿಗೆ ಬಿಟ್ಟುಕೊಡುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಮಾತಾಡಲು ಅಲ್ಲಿ ಯಾರಿಗೂ ಉಸಿರಿರಲಿಲ್ಲ. ಹನೂರಿನ ಕಡೆಯ ಒಬ್ಬ ಮುದುಕಿ ನನ್ನ ರಟ್ಟೆ ಹಿಡಿದು ಆ ಕುರ್ಚಿಗೆ ಕೂರಿಸಿದ್ದು ಇವತ್ತಿಗೂ ನೆನಪಿದೆ. ಆಕೆಯ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಮನಸ್ಸು ಕೊರೆಯುತ್ತದೆ.

ಸ್ಕ್ಯಾನಿಂಗ್ ಆದ ಮೇಲೆ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ, ಆಗಿದ್ದು ಮತ್ತೆ ಮೆತ್ತಗಾಗುವುದಿಲ್ಲ, ಇದರ ಜೊತೆ ಬದುಕುವುದನ್ನು ಕಲಿಯಬೇಕು ಎಂದರು. ಯಜಮಾನರು ಗೋಡೆಯ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನನಗೆ ಅಳು ಬರುವುದರ ಬದಲು ಸಿಟ್ಟು ಬಂತು.

"ಇವ್ರ್ ಜೊತೆ ಬದ್ಕದ ಕಲ್ತಿವ್ನಿ ಸಾ," ಎಂದು ಯಜಮಾನರನ್ನು ತೋರಿಸಿದೆ. "ಇದ್ರ್ ಜೊತೇಲೂ ಬದುಕ್ತೀನಿ."

ಅದಾದ ಮೇಲೆ ಮನೆಗೆ ಗೋಡೆಯ ಕರೆಂಟಿಗೆ ಸಿಕ್ಕಿಸುವ ದೊಡ್ಡ ಆಕ್ಸಿಜನ್ ಮಿಷನ್ ಬಂತು. ಆಮೇಲೆ ಹೆಗಲಿಗೆ ಹಾಕಿಕೊಳ್ಳುವ ಸಣ್ಣದು ಬಂತು. ಅದು ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಶೋಧಿಸಿ, ನಾನು ಉಸಿರೆಳೆದಾಗಲೆಲ್ಲ ಪುಸ್ ಎಂದು ಮೂಗಿಗೆ ಬಿಡುತ್ತದೆ. ಊರಿನವರು ಅದಕ್ಕೆ ಗಾಳಿಪೆಟ್ಟಿಗೆ ಎಂದು ಹೆಸರಿಟ್ಟರು. ನಾವು ಮನೆಯಲ್ಲಿ ರೇಷ್ಮೆ ಹುಳು ಸಾಕುವವರು. ಹುಳುಮನೆಗೆ ಹೋಗುವ ಮುಂಚೆ ಸ್ನಾನ ಮಾಡಿ ಹೋಗುವುದು ಮೊದಲಿನಿಂದ ಬಂದದ್ದು. ಈಗ ಅಲ್ಲಿನ ಧೂಳು ನನ್ನ ಎದೆಗೆ ತಾಗದಿರಲಿ ಎಂದು ಯಜಮಾನರು ಹುಳುಮನೆಯಿಂದ ಬಂದ ಮೇಲೂ ಸ್ನಾನ ಮಾಡಿಯೇ ನನ್ನ ಹತ್ತಿರ ಬರುತ್ತಾರೆ. ಹುಳಕ್ಕೆ ಒಂದು ಸ್ನಾನ, ಹೆಂಡತಿಗೆ ಒಂದು ಸ್ನಾನ ಎಂದು ಊರವರು ಆಡಿಕೊಂಡರು. ಅವರು ಒಂದು ದಿನವೂ ತಪ್ಪಿಸಲಿಲ್ಲ.

ಇಷ್ಟಕ್ಕೆ ಹೊಂದಿಕೊಂಡಿದ್ದಾಗ ನನ್ನ ತಮ್ಮ ನಂಜುಂಡನ ಫೋನು ಬಂತು. ಅವನು ಸೈನ್ಯದಲ್ಲಿ ಲಾರಿ ಓಡಿಸುತ್ತಾನೆ. ನಮ್ಮವ್ವ ತೀರಿಕೊಂಡಾಗ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಅಸ್ಸಾಮಿನಲ್ಲಿದ್ದಾಗ ಅಲ್ಲಿನ ರೂಪಾಲಿ ಎಂಬ ಶಾಲೆ ಟೀಚರನ್ನು ಮದುವೆಯಾಗಿ ಗುವಾಹಟಿಯಲ್ಲಿ ಮನೆ ಮಾಡಿದ. ಹುಡುಗಿ ಯಾವ ಜನ ಎಂದು ಕೇಳಿದವರಿಗೆಲ್ಲ ಒಳ್ಳೆ ಜನ ಎಂದು ಹೇಳಿ ಬಾಯಿ ಮುಚ್ಚಿಸಿದೆ. ಮದುವೆಗೆ ಮಾತ್ರ ಹೋಗಲಾಗಲಿಲ್ಲ, ಆಗ ನಾನು ಆಸ್ಪತ್ರೆಯ ಮಂಚದ ಮೇಲಿದ್ದೆ.

ಅವರಿಗೆ ಗಂಡುಕೂಸು ಹುಟ್ಟಿತ್ತು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಉಸಿರಾಟ ಕಷ್ಟವಾಗಿ ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ನಂಜುಂಡ ಕಳಿಸಿದ ಫೋಟೋದಲ್ಲಿ ಬೆರಳ ತುದಿಯಷ್ಟು ಮೂಗಿಗೆ ನನ್ನದರಂತೆಯೇ ನಳಿಕೆ ಸಿಕ್ಕಿಸಿತ್ತು. ಆ ಫೋಟೋ ನೋಡಿ ನಾನು ಅತ್ತುಬಿಟ್ಟೆ. ನನಗೆ ನಳಿಕೆ ಹಾಕಿದ ದಿನ ಅತ್ತಿರಲಿಲ್ಲ. ಆಮೇಲೆ ಕೂಸು ಚೇತರಿಸಿಕೊಂಡು ನಳಿಕೆ ತೆಗೆದರು, ಆದರೆ ದೂರದ ಪ್ರಯಾಣ ಸದ್ಯಕ್ಕೆ ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ.

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ, ಅಪ್ಪನ ಅಕ್ಕನೋ ತಂಗಿಯೋ. ಮೂರು ಸಲ ಹೇಳಬೇಕು. ಅವಳ ಬಾಯಿಂದ ಬಂದ ಮೇಲೆಯೇ ಆ ಹೆಸರು ಉಳಿದವರ ಬಾಯಿಗೆ. ಈ ಕೂಸಿಗೆ ಇರುವವಳು ನಾನೊಬ್ಬಳೇ. ನಂಜುಂಡ ಹಟ ಹಿಡಿದ.

"ಅಕ್ಕ, ನೀನ್ ಬರೋಗಂಟ ಅದ್ಕೆ ಎಸ್ರಿಲ್ಲ," ಎಂದ. "ಒಂದೊರ್ಸ ಆಗ್ಲಿ, ಎರಡೊರ್ಸ ಆಗ್ಲಿ, ಕೂಸು ಅಂತ್ಲೇ ಕರಿತೀವಿ."

ಮುಂದಿನ ವರ್ಷ ಕೂಸನ್ನೇ ಇಲ್ಲಿಗೆ ಕರೆಸೋಣ ಎಂದರು ಯಜಮಾನರು. ಫೋನಿನಲ್ಲೇ ಮುಖ ನೋಡಿಕೊಂಡು ಹೇಳಿಬಿಡು ಎಂದರು ಪಕ್ಕದ ಮನೆಯವರು. ಮುಂದಿನ ವರ್ಷ ಎನ್ನುವುದು ನನ್ನಂಥವರಿಗೆ ಯಾರೂ ಬರೆದುಕೊಡುವ ಮಾತಲ್ಲ. ಈಗ ಒಂದು ಹೆಸರು ಹೇಳುವಷ್ಟು ಉಸಿರಿದೆ, ಆಗ ಇರುತ್ತದೋ ಇಲ್ಲವೋ. ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಿಲ್ಲ. ಯಜಮಾನರಿಗೆ ಮಾತ್ರ, "ನೀವ್ ಬೇಕಾರೆ ಇಲ್ಲೇ ಇರಿ. ನಾ ಓಯ್ತೀನಿ," ಎಂದೆ. ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತ, ವಿಮಾನದಲ್ಲಿ ಕಿಟಕಿ ಬಾಗಿಲು ತೆಗೆಯುತ್ತಾರೋ ಇಲ್ಲವೋ ಎಂದು ಕೇಳಿದರು. ಅವರೂ ಹೊರಟಂತಾಯಿತು.

ಡಾಕ್ಟರು ನನ್ನನ್ನು ವರಾಂಡದಲ್ಲಿ ನಡೆಸಿ ನೋಡಿದರು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರನ್ನು ನೋಡಿದರು, ಗಲ್ಲ ಕೆರೆದುಕೊಂಡರು. ಮೇಲೆ ಹೋದಂತೆ ವಿಮಾನದೊಳಗಿನ ಗಾಳಿಯೂ ತೆಳುವಾಗುತ್ತದೆ, ಅಲ್ಲಿ ಮಿಷನ್ನನ್ನು ಮನೆಯಲ್ಲಿರುವುದಕ್ಕಿಂತ ಹೆಚ್ಚಿಗೆ ಇಟ್ಟುಕೊಳ್ಳಬೇಕು ಎಂದರು. ಪ್ರಯಾಣದ ಹೊತ್ತಿಗಿಂತ ಅರ್ಧದಷ್ಟಾದರೂ ಹೆಚ್ಚಿಗೆ ಬರುವ ಬ್ಯಾಟರಿ ಬೇಕು, ಅವನ್ನು ಕೈಚೀಲದಲ್ಲೇ ಒಯ್ಯಬೇಕು ಎಂದೂ ಹೇಳಿದರು. ವಿಮಾನದವರಿಗೆ ಮುಂಚಿತವಾಗಿ ಎಲ್ಲ ತಿಳಿಸಿ ಒಪ್ಪಿಗೆ ಪಡೆದೆವು. ಹೋಗಿ ಬನ್ನಿ ಎಂದು ಡಾಕ್ಟರು ಸಹಿ ಹಾಕಿದಾಗ, ಈ ಕಾಯಿಲೆ ಶುರುವಾದಾಗಿನಿಂದ ಮೊದಲ ಸಲ ಒಬ್ಬರು ನನಗೆ ಹೋಗು ಎಂದಂತಾಯಿತು.

ಹೊರಡುವ ಹಿಂದಿನ ದಿನ ನನ್ನ ನಾದಿನಿ ಗೌರಮ್ಮ ಕೌದಳ್ಳಿಯಿಂದ ಬಂದಳು. ನಮ್ಮ ದೇವರು ಮಾದಪ್ಪನ ಬೆಟ್ಟದ ದಾರಿಯಲ್ಲಿ ಅವಳದೊಂದು ಅಂಗಡಿ ಇದೆ. ಹೋಗಬೇಡ ಎಂದು ಅತ್ತಳು, ಆಮೇಲೆ ದಾರಿಗೆಂದು ಪುಳಿಯೋಗರೆ ಕಲಸಿಟ್ಟಳು. ನಾನು ಮಧ್ಯಾಹ್ನ ದೊಡ್ಡ ಮಿಷನ್ನಿನ ನಳಿಕೆ ಹಾಕಿಕೊಂಡು ಮಲಗಿದ್ದಾಗ ಅವಳು ಇನ್ನೊಂದು ಕೆಲಸ ಮಾಡಿದ್ದಳು. ಅದು ಗೊತ್ತಾದದ್ದು ಬೆಂಗಳೂರಿನಲ್ಲಿ.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯುದ್ದಕ್ಕೂ ಸಣ್ಣ ಮಿಷನ್ನನ್ನು ಕಾರಿಗೆ ಸಿಕ್ಕಿಸಿಕೊಂಡಿದ್ದೆ. ಅದು ನಡುನಡುವೆ ಕೀಂ ಎನ್ನುತ್ತಿತ್ತು. ಕಾರಿನ ಕರೆಂಟು ಒಗ್ಗಲಿಲ್ಲವೇನೋ ಎಂದುಕೊಂಡೆ. ನಿಲ್ದಾಣದಲ್ಲಿ ಕೊಟ್ಟ ಗಾಲಿಕುರ್ಚಿಯಲ್ಲಿ ವಿಮಾನದವರ ಕೌಂಟರಿನ ಮುಂದೆ ಹೋದಾಗ ಹಳದಿ ದೀಪ ಹತ್ತಿಕೊಂಡು ಬಿಡದೆ ಕೂಗತೊಡಗಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೌಂಟರಿನ ಹುಡುಗಿ ಒಳ್ಳೆಯವಳು, ಆದರೆ ನಿಯಮ ನಿಯಮವೇ. ಮಿಷನ್ ಸರಿಯಿಲ್ಲದಿದ್ದರೆ ಹತ್ತಿಸಿಕೊಳ್ಳಲು ಆಗುವುದಿಲ್ಲ ಎಂದಳು.

ಯಜಮಾನರ ಮುಖದಲ್ಲಿ ಸಂಕಟವೂ ಇತ್ತು, ಸಮಾಧಾನವೂ ಇತ್ತು. "ನಡಿ, ಮನ್ಗೋಗವ," ಎಂದರು. "ಮಾದಪ್ಪುಂಗೇ ಇಷ್ಟ ಇಲ್ಲ ಅಂತ ಕಾಣುತ್ತೆ."

"ಮಾದಪ್ಪುನ್ ಮ್ಯಾಕೆ ಆಕ್ಬೇಡಿ," ಎಂದು, ಹುಡುಗಿಯನ್ನು ಸ್ವಲ್ಪ ಹೊತ್ತು ಕೊಡವ್ವ ಎಂದು ಕೇಳಿಕೊಂಡೆ. ಪಕ್ಕಕ್ಕೆ ಸರಿದು ಮಿಷನ್ನನ್ನು ತೊಡೆಯ ಮೇಲೆ ಮಲಗಿಸಿದೆ. ಗಾಳಿ ಎಳೆದುಕೊಳ್ಳುವ ಕಿಂಡಿಗಳ ಹತ್ತಿರ ಬೆಳ್ಳಗೆ ಏನೋ ಮೆತ್ತಿತ್ತು. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ.

ಗೌರಮ್ಮನಿಗೆ ಫೋನು ಮಾಡಿದೆ. ಟ್ರ್ಯಾಕ್ಟರಿಗೆ, ಸೊಪ್ಪು ಕತ್ತರಿಸುವ ಮಿಷನ್ನಿಗೆ ಪೂಜೆ ಮಾಡುವ ಹಾಗೆ ಅವಳು ಇದಕ್ಕೂ ಮಾಡಿದ್ದಳು. ಬೆಟ್ಟದಿಂದ ತಂದ ವಿಭೂತಿಯನ್ನು ಮೂರು ಬೆರಳಿನಲ್ಲಿ ದಪ್ಪಗೆ ಎಳೆದು, ಮೇಲಿಂದ ಒಂದು ಹಿಡಿ ತೂರಿ ಕೈಮುಗಿದಿದ್ದಳು. ನಾನು ಬಯ್ಯಬಾರದೆಂದು ಮೇಲಿನದನ್ನು ಸೆರಗಿನಿಂದ ಒರೆಸಿಟ್ಟಿದ್ದಳಂತೆ.

"ಮುಕಕ್ಕೆ ಬಳ್ದೆ ಕಣತ್ತಿಗೆ," ಎಂದು ಅಳುತ್ತ ಹೇಳಿದಳು. "ಅದ್ಕೆ ಮುಕ ಯಾವ್ದು ಬೆನ್ನು ಯಾವ್ದು ಅಂತ ನಂಗೇನ್ ಗೊತ್ತು? ಕಿಂಡಿ ಇರೋದೇ ಮುಕ ಅನ್ಕಂಡಿ."

ನಗುವುದೋ ಬಯ್ಯುವುದೋ ತಿಳಿಯಲಿಲ್ಲ, ಎರಡಕ್ಕೂ ಉಸಿರು ಬೇಕು. ಕಿಂಡಿಯ ಹಿಂದಿನ ಜಾಲರಿ ತೆಗೆಯಬೇಕಾದರೆ ಮಿಷನ್ ಆರಿಸಬೇಕು. ಆರಿಸಿದೆ. ಪುಸ್ ಎನ್ನುವ ಸದ್ದು ನಿಂತ ಕೂಡಲೇ ಅಷ್ಟು ದೊಡ್ಡ ಕಟ್ಟಡದಲ್ಲಿ ನನ್ನೊಬ್ಬಳಿಗೆ ಗಾಳಿ ಇಲ್ಲದ ಹಾಗಾಯಿತು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ತುಟಿ ಚೂಪು ಮಾಡಿ, ಬಿಸಿ ಕಾಫಿ ಆರಿಸುವ ಹಾಗೆ ಮೆಲ್ಲಗೆ ಊದತೊಡಗಿದೆ. ಜಾಲರಿಯ ಕೊಕ್ಕೆ ಉಗುರಿಗೆ ಸಿಗಲಿಲ್ಲ. ಯಜಮಾನರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

ಆಗ ತಾನೇ ಮೊಟ್ಟೆಯೊಡೆದ ಹುಳುವನ್ನು, ಅದು ಇರುವೆಗಿಂತ ಚಿಕ್ಕದು, ಹಕ್ಕಿಗರಿಯಲ್ಲಿ ನೋಯದಂತೆ ಸರಿಸುವ ಕೈ ಅದು. ನೆಲಕ್ಕೆ ಮಂಡಿಯೂರಿ ಕೂತು, ಹೆಗಲ ಟವೆಲ್ಲನ್ನು ಹಾಸಿ, ಜಾಲರಿಯನ್ನು ಅದರ ಮೇಲೆ ತಟ್ಟಿದರು, ಊದಿದರು, ಬೆಳಕಿಗೆ ಹಿಡಿದು ನೋಡಿ ಮತ್ತೆ ತಟ್ಟಿದರು. ಟವೆಲ್ಲಿನ ಮೇಲೆ ಬಿದ್ದ ವಿಭೂತಿಯನ್ನು ಚೆಲ್ಲಲು ಮನಸ್ಸಾಗದೆ ಮೂಲೆಗೆ ಸೇರಿಸಿ ಗಂಟು ಹಾಕಿದರು. ಮನೆಗೆ ಹೋಗೋಣ ಎಂದಿದ್ದವರು ಜಾಲರಿ ಕೂರಿಸಿ, ಗುಂಡಿ ಒತ್ತಿ, ದೀಪ ಹಸಿರಾಗುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆಮೇಲೆ ತಾವೇ ಎದ್ದು ಕೌಂಟರಿಗೆ ಹೋಗಿ, "ಸರಿ ಓಯ್ತು ಕಣವ್ವ, ಬಂದ್ ನೋಡು," ಎಂದು ಕರೆದರು.

ಹುಡುಗಿ ಮೇಲಿನವರನ್ನು ಕರೆತಂದಳು. ಅವರು ಮಿಷನ್ ನೋಡಿದರು, ನನ್ನ ಬೆರಳಿನ ಮೀಟರ್ ನೋಡಿದರು, ಸ್ವಲ್ಪ ಹೊತ್ತು ಕಾದು ಮತ್ತೊಮ್ಮೆ ನೋಡಿದರು. ಸರಿ ಎಂದರು.

ತಪಾಸಣೆಯಲ್ಲಿ ಮಿಷನ್ನಿಗೆ ಏನೂ ತಕರಾರು ಬರಲಿಲ್ಲ. ಸಿಕ್ಕಿಬಿದ್ದದ್ದು ಟವೆಲ್ಲಿನ ಗಂಟು. ಬಿಚ್ಚಿದರೆ ಬಿಳಿ ಪುಡಿ. ಹಿಂದಿಯಲ್ಲಿ ಏನೇನೋ ಕೇಳಿದರು, ಯಜಮಾನರು ಬೆವತುಹೋದರು. ನಾನು ನನ್ನ ಹಣೆ ಮುಟ್ಟಿ ತೋರಿಸಿದೆ. ಅಷ್ಟರಲ್ಲಿ ಅಲ್ಲಿದ್ದ ಖಾಕಿಯ ಹೆಣ್ಣುಮಗಳೊಬ್ಬಳು ಬಗ್ಗಿ ನೋಡಿ, ಮಾದಪ್ಪನದಾ ಎಂದು ಮೆಲ್ಲಗೆ ಕೇಳಿದಳು. ಹೌದೆಂದೆ. ಅವಳು ಜೊತೆಯವರಿಗೆ ವಿವರಿಸಿ, ಪುಡಿಯನ್ನು ಅವರ ಕ್ರಮದಂತೆ ಪರೀಕ್ಷಿಸಿ, ಗಂಟನ್ನು ತಾನೇ ಮತ್ತೆ ಕಟ್ಟಿಕೊಟ್ಟಳು. ಕಟ್ಟುವ ಮೊದಲು ಒಂದು ಚಿಟಿಕೆ ಹಣೆಗಿಟ್ಟುಕೊಂಡಳು.

ವಿಮಾನದಲ್ಲಿ ನನ್ನ ಒಂದು ಪಕ್ಕಕ್ಕೆ ಯಜಮಾನರು. ಇನ್ನೊಂದು ಪಕ್ಕಕ್ಕೆ ಕೂತವರು ನಳಿಕೆ ನೋಡಿದ ಕೂಡಲೇ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡರು. ಇಂಥವರನ್ನು ಬಸ್ಸಿನಲ್ಲೂ ಮದುವೆಮನೆಯಲ್ಲೂ ನೋಡಿ ನೋಡಿ ನನಗೆ ಸಾಕಾಗಿದೆ.

"ಅಂಟೋ ರೋಗ ಅಲ್ಲ ಸಾ," ಎಂದೆ. "ಅಂಟೋದಾಗಿದ್ರೆ ಮೊದ್ಲು ಇವ್ರಿಗ್ ಅಂಟ್ಬೇಕಿತ್ತು."

ಅವರು ನಾಚಿಕೊಂಡು ಕರ್ಚೀಫು ಜೇಬಿಗಿಟ್ಟುಕೊಂಡರು. ಆಮೇಲೆ ನನ್ನ ಚೀಲ ಕಾಲಡಿಗೆ ಸರಿಸಲು ಅವರೇ ನೆರವಾದರು.

ಧೈರ್ಯವಂತೆ ಎಂದು ನನ್ನನ್ನು ಹೊಗಳಿದವರಿಗೆ ಮುಂದಿನದನ್ನು ನಾನು ಹೇಳಿಲ್ಲ. ವಿಮಾನ ಮೇಲೇರಿದಂತೆ ಬೆರಳಿನ ಮೀಟರಿನಲ್ಲಿ ಅಂಕಿ ಇಳಿಯುತ್ತ ಬಂತು. ಮಿಷನ್ನನ್ನು ಡಾಕ್ಟರು ಹೇಳಿದಷ್ಟಕ್ಕೆ ಏರಿಸಿದೆ. ಅಂಕಿ ಇನ್ನೂ ಇಳಿಯಿತು. ಕಿಟಕಿಯಾಚೆ ಮೋಡ, ಕೆಳಗೆ ನೆಲವೇ ಇಲ್ಲ. ಊರಿನವರೆಲ್ಲ ಹೇಳಿದ್ದು ಸರಿಯೇನೋ, ನನ್ನ ಹಟಕ್ಕೆ ಯಜಮಾನರನ್ನೂ ಎಳೆತಂದೆನಲ್ಲ ಎನಿಸಿತು. ಬಹಳ ಹೆದರಿದೆ. ಹೆದರಿದರೆ ಉಸಿರು ಇನ್ನೂ ಓಡುತ್ತದೆ, ಅದು ಗೊತ್ತು, ಗೊತ್ತಿದ್ದರೆ ಹೆದರಿಕೆ ನಿಲ್ಲುತ್ತದೆಯೇ. ಕಣ್ಣು ಮುಚ್ಚಿ ಮಿಷನ್ನಿನ ಸದ್ದಿಗೆ ಕಿವಿಕೊಟ್ಟೆ. ಮೂಗಿನಲ್ಲಿ ಎಳೆಯುವುದು, ತುಟಿಯಲ್ಲಿ ಊದುವುದು. ಕೂಸು ಗಾಜಿನ ಪೆಟ್ಟಿಗೆಯಲ್ಲಿ ಒಬ್ಬನೇ ಮಲಗಿ ಇದನ್ನೇ ಮಾಡಿದ್ದನಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣು ತೆರೆದಾಗ ಅಂಕಿ ನಿಂತಿತ್ತು. ಮತ್ತೆ ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮೇಲೇರಿತು.

ಪಕ್ಕದಲ್ಲಿ ಯಜಮಾನರು ಕುರ್ಚಿಯ ಕೈಯನ್ನು ಕೀಳುವ ಹಾಗೆ ಹಿಡಿದಿದ್ದರು. ಮೀಟರನ್ನು ಅವರ ಬೆರಳಿಗೆ ಸಿಕ್ಕಿಸಿದೆ. ಎದೆಬಡಿತ ನನ್ನದಕ್ಕಿಂತ ಜೋರಾಗಿತ್ತು. ಬೇಕಾದರೆ ಸ್ವಲ್ಪ ಹೊತ್ತು ನಳಿಕೆ ಕೊಡಲೇ ಎಂದು ಕೇಳಿದೆ. ಬೆಳಗಿನಿಂದ ಮೊದಲ ಸಲ ಅವರು ನಕ್ಕರು.

ಗುವಾಹಟಿಯಲ್ಲಿ ನಂಜುಂಡ ಗಾಲಿಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನನ್ನ ಮಡಿಲಲ್ಲಿ ಮುಖವಿಟ್ಟ. ಅಷ್ಟು ಎತ್ತರದ ಆಳು. ರೂಪಾಲಿ ಕೆಂಪು ಅಂಚಿನ ಬಿಳಿ ಬಟ್ಟೆಯನ್ನು ನನ್ನ ಕೊರಳಿಗೆ ಹಾಕಿದಳು, ಅದು ಅವರಲ್ಲಿ ಮರ್ಯಾದೆಯಂತೆ. ನಳಿಕೆಗೆ ಸಿಕ್ಕದಂತೆ ಹಾಕಲು ಅವಳು ಪಟ್ಟ ಎಚ್ಚರ ನೋಡಿಯೇ ಇವಳು ನಮ್ಮವಳು ಎನಿಸಿತು.

ಮಾರನೆಯ ದಿನ ಬೆಳಿಗ್ಗೆ ಹೆಸರಿಡುವ ಶಾಸ್ತ್ರ ನಡೆಯಿತು. ನಾನು ಒಯ್ದಿದ್ದ ಕೊಳ್ಳೇಗಾಲದ ರೇಷ್ಮೆ ಸೀರೆಯನ್ನೇ ತೊಟ್ಟಿಲಿಗೆ ಹಾಸಿದ್ದರು. ರೂಪಾಲಿಯ ತವರಿನವರೆಲ್ಲ ಸುತ್ತ ನಿಂತಿದ್ದರು. ಕೂಸನ್ನು ನನ್ನ ತೊಡೆಗೆ ಕೊಟ್ಟರು. ಹಗುರವಾಗಿದ್ದ, ಆದರೆ ಗಟ್ಟಿಯಾಗಿದ್ದ. ಯಜಮಾನರು ಟವೆಲ್ಲಿನ ಗಂಟು ಬಿಚ್ಚಿ ಮುಂದೆ ಹಿಡಿದರು. ನನ್ನನ್ನು ಹಿಂದಕ್ಕೆ ಕಳಿಸಲು ನೋಡಿದ ಆ ವಿಭೂತಿಯನ್ನೇ ತೆಗೆದು ಕೂಸಿನ ಹಣೆಗೆ ಎಳೆದೆ.

ಬಗ್ಗಿ ಕಿವಿಯ ಹತ್ತಿರ ಬಾಯಿಟ್ಟೆ. "ಮಾದೇಶ," ಎಂದೆ.

ಮಿಷನ್ ಪುಸ್ ಎಂದಿತು. ಕೂಸು ಸದ್ದು ಬಂದ ಕಡೆ ಕಣ್ಣು ತಿರುಗಿಸಿ, ಕೈ ಚಾಚಿ, ನನ್ನ ನಳಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಸಲಕ್ಕೆ ಎಳೆದುಬಿಟ್ಟ. ಅದು ಮೂಗಿನಿಂದ ಕಳಚಿ ಅವನ ಕೈಗೆ ಹೋಯಿತು. ಅಲ್ಲಿದ್ದವರೆಲ್ಲ ಗಾಬರಿಯಾದರು. ನಂಜುಂಡ ಓಡಿಬಂದ. ನಾನು ಕೈ ಅಡ್ಡ ಹಿಡಿದೆ.

"ಬುಡ್ಲಾ," ಎಂದೆ. "ಇನ್ನೆರಡ್ ಸಲ ಅದೆ."

ಎರಡನೆಯ ಸಲ ಹೇಳಿದೆ. ಎದೆ ಬಿಗಿಯಿತು. ತುಟಿ ಚೂಪು ಮಾಡಿ ಊದಿದೆ, ತಡೆದೆ, ಮತ್ತೆ ಎಳೆದುಕೊಂಡೆ. ಕೂಸು ನಳಿಕೆ ಹಿಡಿದುಕೊಂಡೇ ನನ್ನ ಬಾಯನ್ನು ನೋಡುತ್ತಿತ್ತು. ಮೂರನೆಯ ಸಲ ಹೇಳಿದಾಗ ದನಿ ಗಾಳಿಯಷ್ಟೇ ಆಗಿತ್ತು, ಆದರೆ ಪೂರ್ತಿ ಹೇಳಿದೆ. ಮಿಷನ್ನಿನದಲ್ಲ, ನನ್ನದೇ ಗಾಳಿ.

ಆಗ ಮಾದೇಶ ಸೀನಿದ. ಹಣೆಯ ವಿಭೂತಿ ಮೂಗಿಗೆ ಉದುರಿರಬೇಕು. ಒಂದೇ ಒಂದು ಸೀನು, ತೊಟ್ಟಿಲಿನ ಹೂವು ಅಲ್ಲಾಡುವಷ್ಟು ಜೋರು. ನಮ್ಮಲ್ಲಿ ಶುಭಕಾರ್ಯದ ನಡುವೆ ಒಂಟಿ ಸೀನು ಬಂದರೆ ಅಪಶಕುನ ಎನ್ನುತ್ತಾರೆ. ಯಜಮಾನರು ತಟ್ಟನೆ ನನ್ನ ಮುಖ ನೋಡಿದರು. ಇರಲಿ ಬಿಡಿ. ಅಷ್ಟು ಜೋರಾಗಿ ಸೀನಬೇಕಾದರೆ ಎದೆಯೊಳಗೆ ಎಷ್ಟು ಗಾಳಿ ಇರಬೇಕು ಎನ್ನುವುದು ಆ ಮನೆಯಲ್ಲಿ ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ.